ಎಣ್ಣೆ ಸೋರದ ಸಂಧಿ

ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಮೋಟಾರು ಸೈಕಲಿನ ಅಡಿಯಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಕಪ್ಪು ಬೊಟ್ಟು ಮೂಡಿರುತ್ತದೆ. ಮೊದಲ ದಿನ ಅದು ರೂಪಾಯಿ ನಾಣ್ಯದಷ್ಟು. ವಾರ ಕಳೆಯುವುದರೊಳಗೆ ತಟ್ಟೆಯಷ್ಟು. ರಂಗವಲ್ಲಿ ಇಡಲು ಬಂದ ಗೃಹಿಣಿ ಅದನ್ನು ಕಂಡು ಮುಖ ಸಿಂಡರಿಸುತ್ತಾಳೆ. ಗೃಹಸ್ಥನು ಹಳೆಯ ಪತ್ರಿಕೆಯೊಂದನ್ನು ಅದರ ಮೇಲೆ ಹಾಸಿ, "ಹಳೆಯ ಗಾಡಿ, ಒಂದಿಷ್ಟು ಸೋರುವುದು ಸಹಜ" ಎಂದು ಸಮಾಧಾನ ಹೇಳುತ್ತಾನೆ. ಕೊನೆಗೊಂದು ದಿನ ಗಾಡಿ ಮೇಸ್ತ್ರಿಯ ಅಂಗಡಿಯನ್ನು ಸೇರುತ್ತದೆ.

ಮೇಸ್ತ್ರಿ ಎಂಜಿನ್ನಿನ ಪಕ್ಕದ ಮುಚ್ಚಳವನ್ನು ಬಿಚ್ಚಿ ನೋಡುತ್ತಾನೆ. ಎಂಜಿನ್ನಿನ ಮೈಗೂ ಮುಚ್ಚಳಕ್ಕೂ ನಡುವೆ ಇರುವ ತೆಳ್ಳನೆಯ ಕಾಗದದ ಪಟ್ಟಿ, ಅಂದರೆ ಗ್ಯಾಸ್ಕೆಟ್, ಒಣಗಿ ಹರಿದಿದೆ. ಈಗ ಆತನ ಮುಂದೆ ಎರಡು ದಾರಿಗಳಿವೆ. ಹೊಸ ಗ್ಯಾಸ್ಕೆಟನ್ನು ಹುಡುಕಿ ತರಿಸುವುದು ಒಂದು. ಹಳೆಯ ಗಾಡಿಗಾದರೆ ಅದು ಊರಿನ ಅಂಗಡಿಯಲ್ಲಿ ದೊರೆತೀತೆಂಬ ಭರವಸೆಯಿಲ್ಲ. ಇನ್ನೊಂದು, ಹಲ್ಲುಜ್ಜುವ ಪೇಸ್ಟಿನದರಂಥ ಒಂದು ಕೊಳವೆಯಿಂದ ಬೂದುಬಣ್ಣದ ಲೇಪವನ್ನು ಅಂಚಿನುದ್ದಕ್ಕೂ ಹಿಂಡಿ, ಮುಚ್ಚಳವನ್ನು ಕೂಡಿಸಿ, ತಿರುಪುಗಳನ್ನು ಬಿಗಿದುಬಿಡುವುದು. ಎರಡನೆಯದು ಸುಲಭ, ಅಗ್ಗ, ಶೀಘ್ರ. ಆದರೆ ಅದು ಸರಿಯೇ?

ಈ ಪ್ರಶ್ನೆಗೆ ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನ ಉತ್ತರವಿಲ್ಲ. ಕೆಲವು ಸಂಧಿಗಳಲ್ಲಿ ಲೇಪವೇ ಸರಿ, ಗ್ಯಾಸ್ಕೆಟ್ ಸಲ್ಲದು. ಮತ್ತೆ ಕೆಲವೆಡೆ ಗ್ಯಾಸ್ಕೆಟ್ ಇರಲೇಬೇಕು, ಲೇಪವೊಂದೇ ಸಾಲದು. ಯಾವುದು ಎಲ್ಲಿ ಎಂಬ ವಿವೇಕವಿಲ್ಲದೆ ಕೈಹಾಕಿದರೆ ಅಂಗೈಯಗಲದ ಕೊಳವೆಯೊಂದು ಇಡೀ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಲ್ಲುದು. ಒಮ್ಮೊಮ್ಮೆ ಸವಾರನ ಪ್ರಾಣಕ್ಕೂ ಸಂಚಕಾರ ತರಬಲ್ಲುದು. ಆದ್ದರಿಂದ ಈ ಸಣ್ಣ ವಿಷಯವನ್ನು ತುಸು ವಿಸ್ತಾರವಾಗಿ ತಿಳಿಯುವುದು ಗಾಡಿಯಿಟ್ಟುಕೊಂಡ ಪ್ರತಿಯೊಂದು ಸಂಸಾರಕ್ಕೂ ಹಿತ.

ಅಡಿಗೆಮನೆಯ ಪಾಠ

ಗ್ಯಾಸ್ಕೆಟ್ ಎಂಬ ಮಾತನ್ನು ಕೇಳದ ಗೃಹಿಣಿ ಇಂದು ಇಲ್ಲವೆಂದರೂ ಸಲ್ಲುವುದು. ಪ್ರೆಷರ್ ಕುಕ್ಕರಿನ ಮುಚ್ಚಳದೊಳಗೆ ಕೂರುವ ರಬ್ಬರಿನ ಬಳೆಯೇ ಗ್ಯಾಸ್ಕೆಟ್. ಅದು ಸಡಿಲವಾದರೆ ಉಗಿ ಅಂಚಿನಿಂದಲೇ ನುಸುಳಿಹೋಗುತ್ತದೆ. ಸೀಟಿ ಕೂಗದು, ಬೇಳೆ ಬೇಯದು. ಕುಕ್ಕರು ಬರುವುದಕ್ಕೆ ಮುಂಚೆಯೂ ಉಗಿಯನ್ನು ಹಿಡಿದಿಡುವ ಉಪಾಯ ಅಡಿಗೆಯವರಿಗೆ ಗೊತ್ತಿತ್ತು. ಬಿರಿಯಾನಿಗೆ ದಮ್ ಕಟ್ಟುವವರು ಪಾತ್ರೆಯ ಬಾಯಿಗೆ ಮುಚ್ಚಳವಿಟ್ಟು, ಅದರ ಸುತ್ತಲೂ ಕಲಸಿದ ಹಿಟ್ಟನ್ನು ಮೆತ್ತುತ್ತಾರೆ. ಶಾಖಕ್ಕೆ ಹಿಟ್ಟು ಗಟ್ಟಿಯಾಗಿ ಸಂದನ್ನು ಮುಚ್ಚುತ್ತದೆ.

ರಬ್ಬರಿನ ಬಳೆಗೂ ಮೆತ್ತಿದ ಹಿಟ್ಟಿಗೂ ಇರುವ ಭೇದವನ್ನು ಗಮನಿಸಬೇಕು. ಬಳೆಗೆ ತನ್ನದೇ ಆದ ಆಕಾರವಿದೆ, ತನ್ನದೇ ಆದ ದಪ್ಪವಿದೆ. ಅದನ್ನು ಮತ್ತೆ ಮತ್ತೆ ತೆಗೆದು ಇಡಬಹುದು. ಹಿಟ್ಟಿಗೆ ಆಕಾರವಿಲ್ಲ, ಎಲ್ಲಿ ಸಂದಿದೆಯೋ ಅಲ್ಲಿಗೆ ಹರಿದು, ಸಂದಿನ ಆಕಾರವನ್ನೇ ತಾಳುತ್ತದೆ. ಆದರೆ ಒಮ್ಮೆ ತೆರೆಯಬೇಕಾದರೆ ಅದನ್ನು ಒಡೆಯಲೇಬೇಕು. ಎಂಜಿನ್ನಿನ ಗ್ಯಾಸ್ಕೆಟಿಗೂ ದ್ರವಲೇಪಕ್ಕೂ ಇರುವ ಅಂತರ ಇಷ್ಟೇ. ಉಳಿದುದೆಲ್ಲ ಇದರ ವ್ಯಾಖ್ಯಾನ.

ನುಣುಪೆಂಬುದು ಕಣ್ಣಿನ ಭ್ರಮೆ

ಯಂತ್ರದಲ್ಲಿ ಕಡೆದು ನಯಮಾಡಿದ ಎರಡು ಲೋಹದ ಅಂಚುಗಳನ್ನು ಒಂದರ ಮೇಲೊಂದಿಟ್ಟು ಬಿಗಿದರೆ ಸಾಲದೇ, ನಡುವೆ ಮತ್ತೇನೇಕೆ ಎಂದು ಯಾರಾದರೂ ಕೇಳಬಹುದು. ಬೆರಳಿಗೆ ಗಾಜಿನಂತೆ ತೋರುವ ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಬೆಟ್ಟ ಕಣಿವೆಗಳ ಸಾಲೇ ಕಾಣುತ್ತದೆ. ಅವುಗಳ ಎತ್ತರವನ್ನು ಅಳೆಯುವುದು ಮೈಕ್ರಾನುಗಳಲ್ಲಿ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಮನುಷ್ಯನ ತಲೆಗೂದಲು ಸುಮಾರು ೫೦ರಿಂದ ೧೦೦ ಮೈಕ್ರಾನ್ ದಪ್ಪವಿರುತ್ತದೆ ಎಂಬುದನ್ನು ನೆನೆದರೆ ಈ ಅಳತೆಯ ಕಲ್ಪನೆ ಬಂದೀತು. ಕಾದ ಎಣ್ಣೆ ನೀರಿನಂತೆ ತೆಳ್ಳಗಾಗಿ, ಈ ಕಣಿವೆಗಳಲ್ಲೇ ದಾರಿ ಮಾಡಿಕೊಂಡು ಹೊರಕ್ಕೆ ಜಿನುಗುತ್ತದೆ. ಮೇಲಾಗಿ ಅಲ್ಯೂಮಿನಿಯಮ್ಮಿನ ಮುಚ್ಚಳ ಕಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಎಂಜಿನ್ನಿನ ನಡುಕ ಅದನ್ನು ಗಳಿಗೆಗೆ ನೂರು ಸಲ ಅಲುಗಿಸುತ್ತದೆ.

ಗ್ಯಾಸ್ಕೆಟ್ ಮಾಡುವ ಕೆಲಸವೆಂದರೆ ತಿರುಪುಗಳ ಒತ್ತಡಕ್ಕೆ ತಾನು ಅದುಮಿಕೊಂಡು, ಎರಡು ಮೈಗಳ ಉಬ್ಬುತಗ್ಗುಗಳನ್ನೂ ತುಂಬುವುದು. ಕಾಗದ, ಬೆಂಡು, ರಬ್ಬರು, ತಾಮ್ರ, ಉಕ್ಕಿನ ತಗಡು ಮುಂತಾದ ಹಲವು ವಸ್ತುಗಳಿಂದ ಅದನ್ನು ಮಾಡುತ್ತಾರೆ. ಕಾಗದದ್ದು ಸಾಮಾನ್ಯವಾಗಿ ಕಾಲು ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪ. ಅದಕ್ಕೊಂದು ದೌರ್ಬಲ್ಯವೂ ಉಂಟು. ಶಾಖ ಮತ್ತು ಒತ್ತಡದಲ್ಲಿ ವರ್ಷಗಟ್ಟಲೆ ಇದ್ದ ಕಾಗದ ಮೆಲ್ಲನೆ ಕುಗ್ಗುತ್ತದೆ. ಕುಗ್ಗಿದಷ್ಟೂ ತಿರುಪುಗಳ ಬಿಗಿ ಸಡಿಲವಾಗುತ್ತದೆ. ಬಿಗಿ ಸಡಿಲವಾದಷ್ಟೂ ಸೋರಿಕೆ ಹೆಚ್ಚುತ್ತದೆ. ದ್ರವಲೇಪಕ್ಕೆ ಈ ದೋಷವಿಲ್ಲ. ಹೆಚ್ಚಾದ ಲೇಪ ಒತ್ತಡಕ್ಕೆ ಹೊರಕ್ಕೆ ಹರಿದುಹೋಗಿ, ಲೋಹಕ್ಕೆ ಲೋಹವೇ ತಾಗಿ ನಿಲ್ಲುತ್ತದೆ. ಲೇಪ ಕಣಿವೆಗಳಲ್ಲಿ ಮಾತ್ರ ಉಳಿಯುತ್ತದೆ. ತಿರುಪಿನ ಬಿಗಿ ಬಹುಕಾಲ ಹಾಗೆಯೇ ಇರುತ್ತದೆ.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಇದನ್ನು ಬೇರೊಂದು ಬಗೆಯಲ್ಲಿ ಹೇಳಬಹುದು. 'ಮನೆ' ಮತ್ತು 'ಅನ್ನು' ಕೂಡುವಾಗ ನಡುವೆ ಯಕಾರವೊಂದು ಬಂದು ಸೇರಿ 'ಮನೆಯನ್ನು' ಎಂದಾಗುತ್ತದೆ, ಇದು ಆಗಮಸಂಧಿ. 'ಊರು' ಮತ್ತು 'ಅಲ್ಲಿ' ಕೂಡಿದರೆ 'ಊರಲ್ಲಿ' ಎಂದಾಗುತ್ತದೆ. ಇಲ್ಲಿ ನಡುವೆ ಏನೂ ಬರುವುದಿಲ್ಲ. ಗ್ಯಾಸ್ಕೆಟಿನ ಜೋಡಣೆ ಆಗಮಸಂಧಿಯಂತೆ. ಲೇಪದ ಜೋಡಣೆ ಎರಡನೆಯದರಂತೆ. ಎಲ್ಲಿ ಯಾವುದು ಎಂಬುದನ್ನು ಆಡುವವನ ಅನುಕೂಲ ತೀರ್ಮಾನಿಸುವುದಿಲ್ಲ, ಭಾಷೆಯ ನಿಯಮ ತೀರ್ಮಾನಿಸುತ್ತದೆ. ಎಂಜಿನ್ನಿನಲ್ಲಿ ಆ ನಿಯಮವನ್ನು ಬರೆಯುವವನು ಅದರ ನಕ್ಷೆ ಎಳೆದ ತಂತ್ರಜ್ಞ.

ಅರಗಿನಿಂದ ಆರಂಭ

ದ್ರವಲೇಪ ಇಂದಿನ ಹೊಸ ಆವಿಷ್ಕಾರವೆಂದು ಭಾವಿಸುವವರುಂಟು. ಅದು ನಿಜವಲ್ಲ. ಉಗಿಯಂತ್ರಗಳ ಕಾಲದಲ್ಲೇ ಕೊಳವೆಗಳ ಸಂಧಿಗೆ ಅಗಸೆಯೆಣ್ಣೆಯಲ್ಲಿ ಕಲಸಿದ ಸೀಸದ ಪುಡಿಯನ್ನು ಹಚ್ಚುತ್ತಿದ್ದರು. ಮೋಟಾರು ವಾಹನಗಳು ಬಂದ ಮೇಲೆ ಮೇಸ್ತ್ರಿಗಳ ಕೈಗೆ ಬಂದದ್ದು ಅರಗು. ಮುತ್ತುಗ ಮೊದಲಾದ ಮರಗಳ ರೆಂಬೆಗಳಲ್ಲಿ ಅರಗಿನ ಹುಳುಗಳು ಸ್ರವಿಸುವ ಈ ಅಂಟನ್ನು ಶೋಧಿಸಿ, ಮದ್ಯಸಾರದಲ್ಲಿ ಕರಗಿಸಿ, ಗ್ಯಾಸ್ಕೆಟಿನ ಮೇಲೆ ಬಳಿಯುತ್ತಿದ್ದರು. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವ ಅರಗೇ ಸಾಗರದಾಚೆಯ ಮೋಟಾರು ಎಂಜಿನ್ನುಗಳ ಎಣ್ಣೆಯನ್ನೂ ಹಿಡಿದಿಟ್ಟಿತೆಂದರೆ ಆ ಸಣ್ಣ ಹುಳುವಿನ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು.

ಬ್ರಿಟನ್ನಿನ ಟ್ರಯಂಫ್, ಬಿ.ಎಸ್.ಎ. ಮೊದಲಾದ ಪ್ರಸಿದ್ಧ ಮೋಟಾರು ಸೈಕಲುಗಳ ಎಂಜಿನ್ನಿನ ಒಡಲು, ಅಂದರೆ ಕ್ರ್ಯಾಂಕ್‌ಕೇಸ್, ಎಡ ಬಲವೆಂದು ಎರಡು ಹೋಳಾಗಿರುತ್ತಿತ್ತು. ಅವುಗಳ ನಡುವೆ ಕಾಗದವಿಡದೆ ಲೇಪವನ್ನೇ ಹಚ್ಚಿ ಕೂಡಿಸುತ್ತಿದ್ದರು. ಆದರೆ ಮೇಲಿನಿಂದ ಕೆಳಕ್ಕೆ ಇಳಿಯುವ ಆ ಸಂಧಿ ಎಣ್ಣೆ ಸಂಗ್ರಹವಾಗುವ ತಳಭಾಗವನ್ನು ಹಾದುಹೋಗುತ್ತಿತ್ತು. ಬ್ರಿಟಿಷ್ ಗಾಡಿ ಎಣ್ಣೆ ಸೋರಿಸದಿದ್ದರೆ ಅದರಲ್ಲಿ ಎಣ್ಣೆಯೇ ಇಲ್ಲವೆಂದು ತಿಳಿಯಬೇಕೆಂಬ ಹಾಸ್ಯ ಹುಟ್ಟಿದ್ದು ಸುಮ್ಮನೆ ಅಲ್ಲ.

೧೯೬೯ರಲ್ಲಿ ಮಾರುಕಟ್ಟೆಗೆ ಬಂದ ಜಪಾನಿನ ಹೋಂಡಾ ಸಿ.ಬಿ. ೭೫೦ ಗಾಡಿಯ ಒಡಲು ಬೇರೆ ಬಗೆಯದು. ಒಂದೇ ಸಾಲಿನಲ್ಲಿ ನಾಲ್ಕು ಸಿಲಿಂಡರುಗಳುಳ್ಳ ಆ ಎಂಜಿನ್ನಿನ ಕ್ರ್ಯಾಂಕ್‌ಕೇಸನ್ನು ಮೇಲು ಕೆಳಗೆಂದು ಅಡ್ಡಲಾಗಿ ಸೀಳಲಾಗಿತ್ತು. ಕ್ರ್ಯಾಂಕ್ ದಂಡವನ್ನು ಹೊರುವ ಬೇರಿಂಗುಗಳ ಅರ್ಧ ಭಾಗ ಮೇಲಿನ ಹೋಳಿನಲ್ಲಿ, ಇನ್ನರ್ಧ ಕೆಳಗಿನದರಲ್ಲಿ. ತಿರುಗುವ ದಂಡಕ್ಕೂ ಬೇರಿಂಗಿಗೂ ನಡುವೆ ಬಿಡುವ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಆ ಹೋಳುಗಳ ನಡುವೆ ಅರ್ಧ ಮಿಲಿಮೀಟರಿನ ಕಾಗದವನ್ನು ಇಟ್ಟರೆ ಗತಿಯೇನು? ವೃತ್ತವಾಗಿರಬೇಕಾದ ಬೇರಿಂಗು ಮೊಟ್ಟೆಯ ಆಕಾರ ತಾಳುತ್ತದೆ. ಸಂದು ಹತ್ತುಪಟ್ಟಿಗೂ ಮಿಗಿಲಾಗುತ್ತದೆ. ಎಣ್ಣೆಯ ಒತ್ತಡ ಕುಸಿದು ಎಂಜಿನ್ ಬಹುಬೇಗ ನಾಶವಾಗುತ್ತದೆ. ಇಂಥ ಸಂಧಿಗೆ ಲೇಪವೇ ಗತಿ. ಗ್ಯಾಸ್ಕೆಟಿಗೆ ಬದಲಾಗಿ ಅದು ಇಲ್ಲಿ ಬಂದದ್ದಲ್ಲ. ಈ ಸ್ಥಾನ ಮೊದಲಿನಿಂದಲೂ ಅದರದೇ.

ಮೂರು ಬಗೆಯ ಲೇಪಗಳು

ಅಂಗಡಿಯಲ್ಲಿ ದೊರೆಯುವ ಕೊಳವೆಗಳೆಲ್ಲ ಒಂದೇ ಎಂದು ತಿಳಿಯುವುದು ಕಷಾಯಗಳೆಲ್ಲ ಒಂದೇ ಎಂದಂತೆ. ಮುಖ್ಯವಾಗಿ ಮೂರು ಬಗೆಗಳುಂಟು.

ಮೊದಲನೆಯದು ಸಿಲಿಕೋನ್. ಮರಳಿನಲ್ಲಿ ಅಡಗಿರುವ ಸಿಲಿಕಾನ್ ಧಾತುವಿನಿಂದ ಹುಟ್ಟಿದ ಈ ಸಂಯುಕ್ತಗಳನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹುಕಾಲ ಅಭ್ಯಾಸ ಮಾಡಿದರು. ೧೯೪೦ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಯೂಜೀನ್ ರೋಕೋ ಅವರು ಅವನ್ನು ಹೇರಳವಾಗಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದರು. ಕೊಳವೆಯಿಂದ ಹೊರಬಿದ್ದ ಸಿಲಿಕೋನ್ ಗಾಳಿಯ ತೇವವನ್ನು ಹೀರಿ ರಬ್ಬರಿನಂತಾಗುತ್ತದೆ. ಕೆಲವು ಜಾತಿಯವು ಗಟ್ಟಿಯಾಗುವಾಗ ವಿನಿಗರಿನ ವಾಸನೆ ಬೀರುತ್ತವೆ. ಅದು ಅಸಿಟಿಕ್ ಆಮ್ಲದ ವಾಸನೆ. ಆ ಆಮ್ಲ ಕೆಲವು ಲೋಹಗಳನ್ನು ತಿನ್ನುವುದರಿಂದ ಎಂಜಿನ್ನಿಗೆ ವಾಸನೆಯಿಲ್ಲದ ಜಾತಿಯೇ ಒಳ್ಳೆಯದು. ಸುಮಾರು ೨೦೦ ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಾಳುವ ಸಿಲಿಕೋನ್ ಎಣ್ಣೆಗೆ ಅಂಜುವುದಿಲ್ಲ; ಪೆಟ್ರೋಲಿಗೆ ಮಾತ್ರ ಅಂಜುತ್ತದೆ. ಪೆಟ್ರೋಲು ತಾಗಿದರೆ ಸಾಧಾರಣ ಸಿಲಿಕೋನ್ ಉಬ್ಬಿ, ಮೆದುವಾಗಿ, ಕಿತ್ತು ಬರುತ್ತದೆ. ಆದ್ದರಿಂದ ಕಾರ್ಬ್ಯುರೇಟರಿನ ಬಳಿಗೆ ಅದನ್ನು ಒಯ್ಯಬಾರದು.

ಎರಡನೆಯದರ ಸ್ವಭಾವ ಇದಕ್ಕೆ ವಿರುದ್ಧ. ಅದು ಗಾಳಿಯಿದ್ದಲ್ಲಿ ದ್ರವವಾಗಿಯೇ ಇರುತ್ತದೆ. ಗಾಳಿ ಸುಳಿಯದ ಎಡೆಯಲ್ಲಿ, ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುತ್ತದೆ. ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ವರ್ನನ್ ಕ್ರೀಬಲ್ ಅವರು ೧೯೫೩ರಲ್ಲಿ ಇದನ್ನು ಬಳಕೆಗೆ ತಂದರು. ಲಾಕ್‌ಟೈಟ್ ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಯಿತು. ಈ ಲೇಪದ ಸೀಸೆಯನ್ನು ಎಂದಿಗೂ ಕಂಠದವರೆಗೆ ತುಂಬುವುದಿಲ್ಲ. ಒಳಗಿನ ಗಾಳಿಯೇ ಅದನ್ನು ದ್ರವವಾಗಿ ಉಳಿಸುವ ಸಂಜೀವಿನಿ. ಕಡೆದು ನಯಮಾಡಿದ, ಬಾಗದ, ಬಿಗಿಯಾಗಿ ಕೂಡುವ ಅಂಚುಗಳಿಗೆ ಇದು ಉತ್ತಮ. ಸಂಧಿಯಿಂದ ಆಚೆಗೆ ಹರಿದ ಪಾಲು ಗಟ್ಟಿಯಾಗದೆ ಎಣ್ಣೆಯಲ್ಲಿ ಬೆರೆತುಹೋಗುವುದು ಇದರ ದೊಡ್ಡ ಗುಣ.

ಮೂರನೆಯದು ಎಂದಿಗೂ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುವ ಲೇಪ. ರೋಲ್ಸ್ ರಾಯ್ಸ್ ಸಂಸ್ಥೆ ವಿಮಾನಗಳ ಎಂಜಿನ್ನಿಗಾಗಿ ರೂಪಿಸಿದ ನೀಲಿಬಣ್ಣದ ಹೈಲೊಮಾರ್ ಈ ಜಾತಿಯದು. ಅಂಚುಗಳನ್ನು ಬೇರ್ಪಡಿಸುವುದು ಸುಲಭವಾದ್ದರಿಂದ ಮತ್ತೆ ಮತ್ತೆ ಬಿಚ್ಚಬೇಕಾದ ಸಂಧಿಗಳಿಗೆ ಇದು ಅನುಕೂಲ.

ದಪ್ಪವೂ ಒಂದು ಅಳತೆ

ಲೇಪ ಎಷ್ಟೇ ಗುಣಶಾಲಿಯಾದರೂ ಅದಕ್ಕೆ ದಪ್ಪವಿಲ್ಲ. ಗ್ಯಾಸ್ಕೆಟಿಗೆ ಇದೆ, ಎಷ್ಟೋ ಕಡೆ ಆ ದಪ್ಪವೂ ಎಂಜಿನ್ನಿನ ಲೆಕ್ಕದಲ್ಲಿ ಸೇರಿರುತ್ತದೆ. ಇದನ್ನು ತಿಳಿಯಲು ಮೈಸೂರಿಗಿಂತ ಬೇರೆ ಊರಿಗೆ ಹೋಗಬೇಕಾಗಿಲ್ಲ.

೧೯೬೦ರ ದಶಕದ ಆರಂಭದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯದ ಜಾವಾ ಮೋಟಾರು ಸೈಕಲನ್ನು ನಮ್ಮ ನೆಲದಲ್ಲಿ ತಯಾರಿಸತೊಡಗಿತು. ಮುಂದೆ ಅದೇ ಗಾಡಿ ಯೆಜ್ಡಿ ಎಂಬ ಹೆಸರು ತಳೆಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ಅಳಿಯಲಿಲ್ಲ. ಮೈಸೂರು, ಬೆಂಗಳೂರುಗಳಲ್ಲಿ ತಂದೆ ಕೊಂಡ ಜಾವಾವನ್ನು ಮಗ ಒರಸಿ ಮೆರುಗುಗೊಳಿಸಿ ಓಡಿಸುವ ಮನೆಗಳು ಇಂದಿಗೂ ಅನೇಕ. ಕಾರ್ಖಾನೆಯ ಬಿಡಿಭಾಗಗಳ ಸರಬರಾಜು ನಿಂತ ಮೇಲೆ ಇಂಥ ಮನೆಗಳವರಿಗೆ ದ್ರವಲೇಪದ ಕೊಳವೆ ದೇವರು ಕೊಟ್ಟ ವರದಂತೆ ಕಂಡರೆ ಆಶ್ಚರ್ಯವಿಲ್ಲ.

ಜಾವಾದ್ದು ಎರಡು ಹೊಡೆತದ ಎಂಜಿನ್. ಪಿಸ್ಟನ್ ಮೇಲೇರಿದಾಗ ಪೆಟ್ರೋಲು, ಎಣ್ಣೆ, ಗಾಳಿಗಳ ಮಿಶ್ರಣ ಕ್ರ್ಯಾಂಕ್‌ಕೇಸಿನೊಳಕ್ಕೆ ಸೆಳೆಯಲ್ಪಡುತ್ತದೆ; ಕೆಳಗಿಳಿದಾಗ ಅಲ್ಲಿಂದ ಒತ್ತಲ್ಪಟ್ಟು ಸಿಲಿಂಡರನ್ನು ಸೇರುತ್ತದೆ. ಈ ಒಡಲು ಪುಪ್ಪುಸದಂತೆ ಉಸಿರಾಡುತ್ತದೆ. ಸಿಲಿಂಡರು ಈ ಒಡಲಿನ ಮೇಲೆ ಕೂರುವೆಡೆ ಒಂದು ಗ್ಯಾಸ್ಕೆಟ್ ಇರುತ್ತದೆ. ಅದನ್ನು ತೆಗೆದು ಬರಿಯ ಲೇಪ ಹಚ್ಚಿದರೆ ಸಿಲಿಂಡರು ಅಷ್ಟು ದಪ್ಪದಷ್ಟು ಕೆಳಗಿಳಿಯುತ್ತದೆ. ಅದರ ಗೋಡೆಯಲ್ಲಿರುವ ರಂಧ್ರಗಳು ಕೆಳಗಿಳಿಯುತ್ತವೆ. ಅವು ತೆರೆಯುವ ಮುಚ್ಚುವ ಕಾಲ ವ್ಯತ್ಯಾಸವಾಗುತ್ತದೆ. ಪಿಸ್ಟನ್ನಿನ ನೆತ್ತಿಗೂ ಸಿಲಿಂಡರಿನ ಮುಚ್ಚಳಕ್ಕೂ ಇರುವ ಅಂತರ ಕುಗ್ಗುತ್ತದೆ. ಸೋರಿಕೆ ನಿಂತಿತೆಂದು ಹಿಗ್ಗುವಷ್ಟರಲ್ಲಿ ಎಂಜಿನ್ನಿನ ಸ್ವಭಾವವೇ ಬದಲಾಗಿರುತ್ತದೆ.

ಇಂಥ ಎಂಜಿನ್ನಿನಲ್ಲಿ ಇನ್ನೂ ದೊಡ್ಡ ಅಪಾಯವೊಂದಿದೆ. ಹೊರಗೆ ಸೋರುವ ಎಣ್ಣೆ ಕಣ್ಣಿಗೆ ಬೀಳುತ್ತದೆ. ಒಳಗೆ ನುಸುಳುವ ಗಾಳಿ ಕಣ್ಣಿಗೆ ಬೀಳದು. ಪೆಟ್ರೋಲಿಗೆ ಅಂಜುವ ಸಿಲಿಕೋನನ್ನು ಒಡಲಿನ ಸಂಧಿಗೆ ಹಚ್ಚಿದರೆ ಕೆಲಕಾಲದ ಮೇಲೆ ಅದು ಸಡಿಲಿ, ಗಾಳಿ ಒಳಹೊಗುತ್ತದೆ. ಮಿಶ್ರಣದಲ್ಲಿ ಗಾಳಿ ಹೆಚ್ಚಿ ಪೆಟ್ರೋಲು ಕಡಿಮೆಯಾಗುತ್ತದೆ. ಪೆಟ್ರೋಲಿನೊಡನೆ ಬರಬೇಕಾದ ಎಣ್ಣೆಯೂ ಕಡಿಮೆಯಾಗುತ್ತದೆ. ಶಾಖವೇರಿ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ವೇಗವಾಗಿ ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಆ ಕ್ಷಣಕ್ಕೆ ನಿಂತುಬಿಡಬಹುದು. ಆಗ ಕ್ಲಚ್ಚನ್ನು ಹಿಡಿಯುವ ಸಮಯಸ್ಫೂರ್ತಿ ಸವಾರನಿಗೆ ಇಲ್ಲವಾದರೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಗ್ಯಾಸ್ಕೆಟ್ ದೊರೆಯದಿದ್ದರೆ ಏನು ಮಾಡಬೇಕು? ಹಳೆಯ ಮೇಸ್ತ್ರಿಗಳು ಅದಕ್ಕೊಂದು ಸರಳ ಮಾರ್ಗವನ್ನು ಬಲ್ಲರು. ಹಳೆಯ ಗ್ಯಾಸ್ಕೆಟಿನಷ್ಟೇ ದಪ್ಪದ ಗ್ಯಾಸ್ಕೆಟ್ ಕಾಗದದ ಹಾಳೆಯನ್ನು ಕೊಂಡು, ಅದನ್ನು ಅಂಚಿನ ಮೇಲೆ ಹಾಸಿ, ಗುಂಡು ತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಅಂಚಿನ ಆಕಾರವೇ ಕಾಗದದಲ್ಲಿ ಕತ್ತರಿಸಿ ಬರುತ್ತದೆ. ಅರ್ಧ ಗಂಟೆಯ ತಾಳ್ಮೆ ಬೇಕು, ಅಷ್ಟೆ. ಅಂಥ ತಾಳ್ಮೆಯುಳ್ಳವರ ಸಂಖ್ಯೆ ಇಳಿಯದಿರಲಿ ಎಂಬುದೇ ಹಳೆಯ ಗಾಡಿಗಳನ್ನು ಪ್ರೀತಿಸುವವರ ಹಾರೈಕೆ.

ಕಾಣದ ಪಾಲು

ದ್ರವಲೇಪ ಹಚ್ಚುವವರಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಔದಾರ್ಯ. ಸ್ವಲ್ಪ ಹಚ್ಚಿದರೆ ಸ್ವಲ್ಪ ಒಳ್ಳೆಯದು, ಹೆಚ್ಚು ಹಚ್ಚಿದರೆ ಹೆಚ್ಚು ಒಳ್ಳೆಯದು ಎಂಬ ಭಾವನೆ. ಮುಚ್ಚಳವನ್ನು ಬಿಗಿದಾಗ ಹೊರಗೆ ಉಕ್ಕಿದ ಲೇಪವನ್ನು ಬಟ್ಟೆಯಿಂದ ಒರಸಿ ತೃಪ್ತಿಪಡುತ್ತಾರೆ. ಆದರೆ ಹೊರಗೆ ಎಷ್ಟು ಉಕ್ಕಿತೋ ಒಳಗೂ ಅಷ್ಟೇ ಉಕ್ಕಿರುತ್ತದೆ. ಅದನ್ನು ಒರಸುವವರಾರು?

ಒಳಗೆ ಉಕ್ಕಿದ ಸಿಲಿಕೋನ್ ಅಲ್ಲಿಯೇ ರಬ್ಬರಿನ ಎಳೆಯಾಗಿ ಗಟ್ಟಿಯಾಗುತ್ತದೆ. ಕಾದ ಎಣ್ಣೆಯ ಅಲೆಗಳು ಅದನ್ನು ದಿನದಿನವೂ ತಡವುತ್ತವೆ. ಒಂದು ದಿನ ಅದು ಹುಳುವಿನಂತೆ ಕಳಚಿ ಎಣ್ಣೆಯಲ್ಲಿ ತೇಲಿ ಹೊರಡುತ್ತದೆ. ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಅಲ್ಲಿ ಅಡ್ಡಗಟ್ಟುತ್ತದೆ. ಜಾಲರಿಯನ್ನು ದಾಟಿದ ಸಂಧಿಯಿಂದ ಕಳಚಿದ್ದಾದರೆ ಬೆಂಕಿಕಡ್ಡಿ ಹೋಗುವಷ್ಟೇ ಅಗಲದ ಎಣ್ಣೆಯ ಕಾಲುವೆಯನ್ನು ಹೊಕ್ಕು ಅಲ್ಲಿಯೇ ಕೂರುತ್ತದೆ.

೧೯೫೫ರಿಂದ ಮದರಾಸಿನಲ್ಲಿ ತಯಾರಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಹಳೆಯ ಮಾದರಿಯ ಬುಲೆಟ್ ಎಂಜಿನ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಬಲಬದಿಯ ಮುಚ್ಚಳ ಬರಿಯ ಮುಚ್ಚಳವಲ್ಲ. ಎಣ್ಣೆಯ ಪಂಪುಗಳು ಇರುವುದು ಅದರಲ್ಲಿಯೇ. ಮುಚ್ಚಳದಲ್ಲಿ ಕೊರೆದ ಕಾಲುವೆಗಳ ಮೂಲಕ ಎಣ್ಣೆ ಹರಿದು, ಕ್ರ್ಯಾಂಕ್ ದಂಡದ ತುದಿಯನ್ನು ಹೊಕ್ಕು, ಒಳಗಿನ ಮುಖ್ಯ ಬೇರಿಂಗನ್ನು ತಲಪುತ್ತದೆ. ಒಡಲಿಗೂ ಮುಚ್ಚಳಕ್ಕೂ ನಡುವೆ ಎಣ್ಣೆ ದಾಟಿಹೋಗಲು ಕಾಗದದ ಗ್ಯಾಸ್ಕೆಟಿನಲ್ಲಿ ತಕ್ಕ ರಂಧ್ರಗಳಿರುತ್ತವೆ. ಇಂಥ ಮುಚ್ಚಳಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಲೇಪ ಬಳಿದರೆ ಆ ರಂಧ್ರಗಳೇ ಮುಚ್ಚಿಹೋಗಬಹುದು. ಹೊರಗೆ ಒಂದು ತೊಟ್ಟು ಎಣ್ಣೆಯೂ ಸೋರದು; ಒಳಗೆ ಬೇರಿಂಗು ಎಣ್ಣೆಗಾಗಿ ಬಾಯಾರಿ ಸುಟ್ಟುಹೋಗುತ್ತಿರುತ್ತದೆ. ಅಂಗಳದ ಕಪ್ಪು ಬೊಟ್ಟಿನಿಂದ ಎಂಜಿನ್ ಸತ್ತದ್ದು ಅಪರೂಪ. ಅದನ್ನು ನಿಲ್ಲಿಸಲು ಮಾಡಿದ ಚಿಕಿತ್ಸೆಯಿಂದ ಸತ್ತದ್ದು ಹೆಚ್ಚು ಎಂದು ಅನುಭವಿಗಳು ಹೇಳುವುದು ಇದರಿಂದಲೇ. ಅತಿಯಾದರೆ ಅಮೃತವೂ ವಿಷ.

ಮಾಡುವ ಬಗೆ

ಲೇಪಕ್ಕೆ ತಕ್ಕ ಸಂಧಿಯೆಂದು ತಯಾರಕರ ಕೈಪಿಡಿ ಹೇಳಿದ್ದಾದರೆ, ಮುಂದಿನ ಕ್ರಮವನ್ನು ಅನುಸರಿಸಬೇಕು. ಮೊದಲು ಮುಚ್ಚಳವನ್ನು ಬಿಡಿಸುವಾಗ ಸಂಧಿಯೊಳಕ್ಕೆ ಸ್ಕ್ರೂಡ್ರೈವರನ್ನು ತೂರಿಸಿ ಮೀಟಬಾರದು. ಮೆದು ಲೋಹದಲ್ಲಿ ಬಿದ್ದ ಒಂದು ಗೀರು ಎಣ್ಣೆಗೆ ಹೆದ್ದಾರಿಯಾಗುತ್ತದೆ. ಮರದ ಅಥವಾ ರಬ್ಬರಿನ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಸಡಿಲಿಸಬೇಕು. ಹಳೆಯ ಕಾಗದವನ್ನು ಮರದ ಇಲ್ಲವೇ ಪ್ಲಾಸ್ಟಿಕ್ಕಿನ ಚಕ್ಕೆಯಿಂದ ಹೆರೆದು ತೆಗೆಯಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಿಂದಿನ ಕಾಲದ ಗ್ಯಾಸ್ಕೆಟುಗಳಲ್ಲಿ, ವಿಶೇಷವಾಗಿ ಸಿಲಿಂಡರಿನ ತಲೆಗೆ ಹಾಕುವವುಗಳಲ್ಲಿ, ಕಲ್ನಾರು ಇರುತ್ತಿತ್ತು. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅನೇಕ ರಾಷ್ಟ್ರಗಳು ಅದನ್ನು ನಿಷೇಧಿಸಿವೆ. ಒಣ ಗ್ಯಾಸ್ಕೆಟನ್ನು ಕೆರೆದಾಗ ಏಳುವ ಧೂಳು ಪುಪ್ಪುಸವನ್ನು ಸೇರಿದರೆ ಅದರ ಫಲ ತೋರುವುದು ಹತ್ತಾರು ವರ್ಷಗಳ ಮೇಲೆ. ಹಳೆಯ ಗಾಡಿಯ ಗ್ಯಾಸ್ಕೆಟನ್ನು ನೀರಿನಿಂದ ಚೆನ್ನಾಗಿ ತೋಯಿಸಿಯೇ ತೆಗೆಯಬೇಕು. ತಂತಿಯ ಕುಂಚ ತಿರುಗಿಸುವುದು, ಬಾಯಿಂದ ಊದುವುದು ಕೂಡದು. ಮಕ್ಕಳನ್ನು ಹತ್ತಿರ ಬಿಡಬಾರದು. ಮೇಸ್ತ್ರಿಯ ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗನ ಉಸಿರು ಯಾವ ಎಂಜಿನ್ನಿಗಿಂತಲೂ ಅಮೂಲ್ಯ.

ಅಂಚು ಶುದ್ಧವಾದ ಮೇಲೆ ಅದರ ಜಿಡ್ಡನ್ನು ಪೂರ್ತಿಯಾಗಿ ಒರಸಬೇಕು. ಜಿಡ್ಡಿನ ಮೇಲೆ ಲೇಪ ಹಿಡಿಯದು. ಮುಚ್ಚಳ ಡೊಂಕಾಗಿದೆಯೋ ಎಂದು ದಪ್ಪ ಗಾಜಿನ ಹಲಗೆಯ ಮೇಲಿಟ್ಟು ಪರೀಕ್ಷಿಸಬೇಕು; ಡೊಂಕಿದ್ದರೆ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ ಮೆಲ್ಲಗೆ ಉಜ್ಜಿ ಸಮಮಾಡಬಹುದು. ಬಳಿಕ ಒಂದು ಅಂಚಿಗೆ ಮಾತ್ರ, ಒಂದೆರಡು ಮಿಲಿಮೀಟರ್ ದಪ್ಪದ ಎಳೆಯಂತೆ, ಎಲ್ಲಿಯೂ ಕಡಿಯದ ಹಾಗೆ ಲೇಪವನ್ನು ಎಳೆಯಬೇಕು. ರಂಗವಲ್ಲಿಯ ಗೆರೆ ಎಳೆಯಬಲ್ಲ ಕೈಗೆ ಇದು ಕಷ್ಟವಲ್ಲ. ಎಣ್ಣೆಯ ರಂಧ್ರಗಳಿದ್ದಲ್ಲಿ ಎಳೆಯನ್ನು ದೂರ ಸರಿಸಬೇಕು. ಸಿಲಿಕೋನಿಗೆ ಕೆಲವೇ ನಿಮಿಷಗಳಲ್ಲಿ ಕೆನೆ ಕಟ್ಟುತ್ತದೆ. ಅದಕ್ಕೆ ಮುಂಚೆ ಮುಚ್ಚಳವನ್ನು ನೇರವಾಗಿ ಕೂಡಿಸಬೇಕು. ಕೂಡಿಸಿದ ಮೇಲೆ ಸರಿಯಾಯಿತೋ ಎಂದು ಮತ್ತೆ ತೆಗೆದು ನೋಡಬಾರದು. ನೋಡಿದರೆ ಮೊದಲಿನಿಂದ ಆರಂಭಿಸಬೇಕು.

ತಿರುಪುಗಳನ್ನು ಒಂದಾದ ಮೇಲೊಂದು ಸುತ್ತಿಬರದೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಮುಚ್ಚಳಗಳಲ್ಲಿ ಸಾಧಾರಣವಾಗಿರುವ ೬ ಮಿಲಿಮೀಟರಿನ ತಿರುಪಿಗೆ ಸುಮಾರು ೧೦ ನ್ಯೂಟನ್ ಮೀಟರ್ ಬಿಗಿ ಸಾಕು. ಬಲವನ್ನೆಲ್ಲ ಪ್ರಯೋಗಿಸಿದರೆ ಅಲ್ಯೂಮಿನಿಯಮ್ಮಿನ ಒಳಸುತ್ತು ಕಿತ್ತುಬಂದು ಹೊಸ ತೊಂದರೆ ಆರಂಭವಾಗುತ್ತದೆ. ಕೊನೆಯದಾಗಿ, ಒಂದು ಇರುಳು ಕಾಯಬೇಕು. ಸಿಲಿಕೋನ್ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಬಲಿಯುತ್ತದೆ. ಕೂಡಲೇ ಎಣ್ಣೆ ಸುರಿದು ಎಂಜಿನ್ ಹೊಡೆದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಇನ್ನು ಕ್ಲಚ್ಚಿನ ಮುಚ್ಚಳದಂತೆ ಆಗಾಗ ತೆರೆಯಬೇಕಾದ ಕಡೆ ಕಾಗದದ ಗ್ಯಾಸ್ಕೆಟೇ ಮೇಲು. ಅದರ ಒಂದು ಮೈಗೆ ತೆಳ್ಳಗೆ ಗ್ರೀಸ್ ಸವರಿದರೆ ಮುಂದಿನ ಸಲ ಹರಿಯದೆ ಬಿಟ್ಟುಬರುತ್ತದೆ. ಸಿಲಿಂಡರಿನ ತಲೆಗಂತೂ ಲೇಪದ ಮಾತೇ ಬೇಡ. ಬೆಂಕಿಯನ್ನೂ ಸ್ಫೋಟದ ಒತ್ತಡವನ್ನೂ ತಡೆಯುವ ಶಕ್ತಿ ಅದಕ್ಕಿಲ್ಲ.

ಇಂದು ದೊಡ್ಡ ಕಾರ್ಖಾನೆಗಳಲ್ಲಿ ಯಂತ್ರಹಸ್ತಗಳು ಎಂಜಿನ್ನಿನ ಅಂಚಿನ ಮೇಲೆ ಲೇಪದ ಎಳೆಯನ್ನು ಕೂದಲೆಳೆಯಷ್ಟೂ ತಪ್ಪದೆ ಎಳೆಯುತ್ತವೆ. ಅದೇ ಕಾರ್ಖಾನೆಯಲ್ಲಿ, ಅದೇ ಎಂಜಿನ್ನಿನ ಮತ್ತೊಂದು ಸಂಧಿಗೆ ಗ್ಯಾಸ್ಕೆಟನ್ನೂ ಇಡುತ್ತಾರೆ. ಹೊಸದೆಂಬ ಮೋಹದಿಂದ ಒಂದನ್ನು ಹಿಡಿದವರಲ್ಲ, ಹಳೆಯದೆಂಬ ತಾತ್ಸಾರದಿಂದ ಇನ್ನೊಂದನ್ನು ಬಿಟ್ಟವರೂ ಅಲ್ಲ. ಗ್ಯಾಸ್ಕೆಟು, ಲೇಪ ಎರಡೂ ಸೇವಕರೇ. ಬಿಚ್ಚಿದ ಮುಚ್ಚಳದ ಮುಂದೆ ಕುಳಿತವನು ಕೊಳವೆಗೆ ಕೈ ಚಾಚುವ ಮೊದಲು ಒಂದು ಗಳಿಗೆ ತಡೆದು, ಈ ಎರಡು ಲೋಹಗಳ ನಡುವೆ ದಪ್ಪವೊಂದು ಇರಬೇಕೆಂದು ರಚಿಸಿದವನು ಬಯಸಿದ್ದನೇ ಎಂದು ಕೇಳಿಕೊಂಡರೆ ಸಾಕು. ಆ ಒಂದು ಗಳಿಗೆ ಎಂಜಿನ್ನಿನ ಆಯುಷ್ಯಕ್ಕೆ ಹಲವು ವರ್ಷಗಳನ್ನು ಕೂಡಿಸುತ್ತದೆ.